ಕ್ವಾಲಿಟಿ 95 ಎಂದು ಕೊಟ್ಟರೂ ಚಿತ್ರ ಕೊಳಕು: ಇಮೇಜ್ ಉಳಿಸುವ ಆಪ್ಷನ್‌ಗಳ ದೋಷ ಹುಡುಕುವ ಬಗೆ

ಹಳದಿ ಹಿನ್ನೆಲೆ, ಅದರ ಮೇಲೆ ಕೆಂಪು ಅಕ್ಷರ. ನವೆಂಬರ್ ಒಂದರ ಪೋಸ್ಟರ್ ಎಂದರೆ ಇನ್ನೇನಿರುತ್ತದೆ! ಊರು, ಸಂಘದ ಹೆಸರು, ಕಾರ್ಯಕ್ರಮದ ಸಮಯ ಇಷ್ಟನ್ನು ಬದಲಿಸಿ ಒಂದೇ ವಿನ್ಯಾಸದಿಂದ ಸಾಲು ಸಾಲು ಜೆಪೆಗ್ ಫೈಲ್ ತೆಗೆಯುವ ಪುಟ್ಟ ಪ್ರೋಗ್ರಾಂ ನಮ್ಮದು. ಮೊದಲ ಕಂತು ಕಳಿಸಿದ ಮೇಲೆ ಪ್ರೆಸ್ಸಿನಿಂದ ಫೋನ್ ಬಂತು. "ಸಾರ್, ದೊಡ್ಡ ಅಕ್ಷರ ಪರವಾಗಿಲ್ಲ. ಒತ್ತಕ್ಷರ ಎಲ್ಲ ಕಲಸಿಹೋಗಿದೆ ನೋಡಿ." ತೆರೆದು ದೊಡ್ಡದು ಮಾಡಿ ನೋಡಿದೆ. ‘ರಾಜ್ಯೋತ್ಸವ’ದ ಯ-ಒತ್ತು, ಸ-ಒತ್ತುಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆ, ಅಕ್ಷರದ ಅಂಚಿನಲ್ಲಿ ಕೆಂಪೂ ಅಲ್ಲದ ಹಳದಿಯೂ ಅಲ್ಲದ ಒಂದು ಕೊಳೆ.

ಕೋಡ್ ಬರೆದ ಹುಡುಗನನ್ನು ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು: "ಕ್ವಾಲಿಟಿ 95 ಕೊಟ್ಟಿದ್ದೀನಿ ಸರ್, ನೋಡಿ." ಕ್ವಾಲಿಟಿ ಎಂದರೆ ಉಳಿಸುವಾಗ ಎಷ್ಟು ವಿವರ ಕಾಪಾಡಬೇಕು ಎಂದು ಹೇಳುವ ಸಂಖ್ಯೆ, 100ರ ಹತ್ತಿರವಾದಷ್ಟೂ ಚೆನ್ನ. ನಿಜ, ಸಾಲು ಅಲ್ಲೇ ಇತ್ತು. ಜೆಪೆಗ್ ಅಂದಮೇಲೆ ಹಾಗೇ ಎಂದು ಒಬ್ಬರು, ಫಾಂಟ್ ಸರಿಯಿಲ್ಲ ಎಂದು ಇನ್ನೊಬ್ಬರು, ಲೈಬ್ರರಿ ಬದಲಿಸೋಣ ಎಂದು ಮತ್ತೊಬ್ಬರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಶುರುವಾಗುವುದು ಹೀಗೇ. ಚಿತ್ರವನ್ನು ಜೆಪೆಗ್ ಆಗಿ ಬರೆಯುವ ಎನ್‌ಕೋಡರ್‌ನದು ತಪ್ಪೇ ಇರಲಿಲ್ಲ. ಅದಕ್ಕೆ 95 ಎಂಬ ಮಾತು ತಲುಪಿಯೇ ಇರಲಿಲ್ಲ.

ಈ ಬಗೆಯ ದೋಷವನ್ನು ಹುಡುಕುವ ದಾರಿ ಮತ್ತು ಅದು ಮರುಕಳಿಸದ ಹಾಗೆ ಇಂಟರ್‌ಫೇಸನ್ನು ತಿದ್ದುವ ರೀತಿ, ಎರಡನ್ನೂ ಇಲ್ಲಿ ಬರೆದಿದ್ದೇನೆ. ನನ್ನ ಉದಾಹರಣೆ ಪೈಥಾನ್‌ನಲ್ಲಿ ಚಿತ್ರ ತೆರೆಯಲು, ಉಳಿಸಲು ಬಳಸುವ ಪಿಲ್ಲೊ ಲೈಬ್ರರಿಯದು. ಆದರೆ ಇದೇ ಕಾಯಿಲೆ ಬೇರೆ ಬೇರೆ ವೇಷದಲ್ಲಿ ಎಲ್ಲ ಕಡೆ ಇದೆ, ಮುಂದೆ ನೋಡೋಣ.

ಕೋಡ್ ಮುಚ್ಚಿಡಿ, ಫೈಲನ್ನು ಕೇಳಿ

ನಾವು ಏನು ಕೇಳಿದೆವು ಎನ್ನುವುದನ್ನಷ್ಟೇ ಕೋಡ್ ಹೇಳುತ್ತದೆ. ಏನು ಸಿಕ್ಕಿತು ಎಂಬುದಕ್ಕೆ ಫೈಲೇ ಸಾಕ್ಷಿ. ಆದ್ದರಿಂದ ಮೊದಲ ಕೆಲಸ, ಹಾಳಾದ ಫೈಲನ್ನೇ ವಿಚಾರಿಸುವುದು. ಅದೂ ನಿಮ್ಮ ಪ್ರೋಗ್ರಾಂ ಬರೆದ ಡಿಸ್ಕಿನಲ್ಲಿರುವ ಮೂಲ ಫೈಲ್. ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಆಗಿ ಓಡಾಡಿ ಬಂದ ಪ್ರತಿ ಬೇಡ, ದಾರಿಯಲ್ಲಿ ಅದನ್ನು ಮತ್ತೊಮ್ಮೆ ಕುಗ್ಗಿಸಿರುತ್ತಾರೆ.

ಮೊದಲ ಪ್ರಶ್ನೆ: ಇದು ನಿಜಕ್ಕೂ ಜೆಪೆಗ್ ಹೌದೋ ಅಲ್ಲವೋ? ಹೆಸರಿನ ಕೊನೆಯಲ್ಲಿರುವ ಎಕ್ಸ್‌ಟೆನ್ಷನ್ ನಂಬಬೇಡಿ. ಫೈಲಿನ ಆರಂಭದ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ನೋಡಿ. ಜೆಪೆಗ್ ಆದರೆ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂದು ಶುರುವಾಗುತ್ತದೆ, ಪಿಎನ್‌ಜಿ ಆದರೆ ‘89 50 4ಇ 47’. ಲಿನಕ್ಸ್‌ನಲ್ಲಿದ್ದರೆ ‘ಫೈಲ್’ ಎಂಬ ಕಮಾಂಡ್ ಒಂದೇ ಸಾಲಿನಲ್ಲಿ ಇದನ್ನು ಹೇಳಿಬಿಡುತ್ತದೆ. ಪಿಲ್ಲೊದಲ್ಲಿ ಫಾರ್ಮ್ಯಾಟ್ ಪಿಎನ್‌ಜಿ ಎಂದು ಕೊಟ್ಟು, ಹೆಸರು ಮಾತ್ರ ಡಾಟ್ ಜೆಪಿಜಿ ಎಂದು ಇಟ್ಟರೆ ಅದು ಚಕಾರವೆತ್ತದೆ ಪಿಎನ್‌ಜಿ ಬರೆಯುತ್ತದೆ. ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು ಸರಕು.

ವೆಬ್ ಪುಟದಲ್ಲೇ ಚಿತ್ರ ಬಿಡಿಸಿ ಉಳಿಸಲು ಬಿಡುವ, ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಇದೇ ತಪ್ಪು ಇನ್ನೂ ಸೊಗಸಾಗಿ ನಡೆಯುತ್ತದೆ. ಅಲ್ಲಿ ಜೆಪೆಗ್‌ನ ಸರಿಯಾದ ಬಗೆಯ ಹೆಸರು ‘ಇಮೇಜ್ ಸ್ಲ್ಯಾಶ್ ಜೆಪಿಇಜಿ’. ಅವಸರದಲ್ಲಿ ‘ಇ’ ಬಿಟ್ಟು ‘ಇಮೇಜ್ ಸ್ಲ್ಯಾಶ್ ಜೆಪಿಜಿ’ ಎಂದು ಬರೆದರೆ ಬ್ರೌಸರ್‌ಗೆ ಅದು ಗೊತ್ತಿಲ್ಲದ ಬಗೆ. ಗೊತ್ತಿಲ್ಲದ ಬಗೆ ಕೇಳಿದರೆ ಪಿಎನ್‌ಜಿ ಕೊಡಬೇಕೆಂಬುದು ನಿಯಮ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ನೀವು ಕೊಟ್ಟ ಕ್ವಾಲಿಟಿಗೆ ಅರ್ಥವೂ ಇಲ್ಲ. "ಕ್ವಾಲಿಟಿ ಎಷ್ಟು ಇಳಿಸಿದರೂ ಫೈಲ್ ಸೈಜ್ ಒಂದೇ ಇದೆ" ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು ಆ ಒಂದು ‘ಇ’ಯನ್ನು.

ಕೋಷ್ಟಕದ ಮೊದಲ ಸಂಖ್ಯೆ

ಫೈಲ್ ಜೆಪೆಗ್ ಎಂದು ಖಾತ್ರಿಯಾದ ಮೇಲೆ, ಯಾವ ಕ್ವಾಲಿಟಿಯಲ್ಲಿ ಬರೆದಿದೆ ಎಂದು ಅದರಿಂದಲೇ ಬಾಯಿಬಿಡಿಸಬಹುದು. ಇದು ಈ ಇಡೀ ಬರಹದ ಅತಿ ಉಪಯುಕ್ತ ತಂತ್ರ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೆಪೆಗ್ ಫೈಲಿನಲ್ಲಿ ‘ಕ್ವಾಲಿಟಿ’ ಎಂಬ ಸಂಖ್ಯೆ ಎಲ್ಲೂ ಬರೆದಿರುವುದಿಲ್ಲ. ಇರುವುದು ಕ್ವಾಂಟೈಸೇಷನ್ ಕೋಷ್ಟಕ. 8×8 ಪಿಕ್ಸೆಲ್‌ಗಳ ಪ್ರತಿ ಚೌಕಕ್ಕೂ 64 ಭಾಜಕಗಳು. ಭಾಜಕ ದೊಡ್ಡದಾದಷ್ಟೂ ವಿವರ ಹೆಚ್ಚು ಅಳಿಯುತ್ತದೆ. 1992ರ ಜೆಪೆಗ್ ಮಾನಕದ ಅನುಬಂಧದಲ್ಲಿ ಒಂದು ಮಾದರಿ ಕೋಷ್ಟಕವಿದೆ, ಹೊಳಪಿನ ಕೋಷ್ಟಕದ ಮೊದಲ ಸಂಖ್ಯೆ 16. ಪಿಲ್ಲೊ, ಓಪನ್‌ಸಿವಿಯಂಥ ಚಿತ್ರ ಲೈಬ್ರರಿಗಳ ತಳದಲ್ಲಿ ಕೂತಿರುವ ಲಿಬ್‌ಜೆಪೆಗ್ ವಂಶದ ಲೈಬ್ರರಿಗಳಲ್ಲಿ 1ರಿಂದ 100ರವರೆಗಿನ ಕ್ವಾಲಿಟಿ ಎಂದರೆ ಆ ಕೋಷ್ಟಕವನ್ನು ಎಷ್ಟು ಹಿಗ್ಗಿಸಬೇಕು, ಎಷ್ಟು ಕುಗ್ಗಿಸಬೇಕು ಎಂಬ ಲೆಕ್ಕ ಮಾತ್ರ. 50 ಮತ್ತು ಮೇಲಿನ ಕ್ವಾಲಿಟಿಗೆ ಸೂತ್ರ ಸರಳ: 200ರಿಂದ ಕ್ವಾಲಿಟಿಯ ಎರಡರಷ್ಟನ್ನು ಕಳೆಯಿರಿ, ಉಳಿದದ್ದು ಶೇಕಡಾವಾರು. 50 ಆದರೆ ಶೇ. 100, ಕೋಷ್ಟಕ ಇದ್ದಂತೆಯೇ. 75 ಆದರೆ ಶೇ. 50. 95 ಆದರೆ ಶೇ. 10.

ಈಗ ಮೊದಲ ಸಂಖ್ಯೆಯನ್ನು ಓದಿ. ಪಿಲ್ಲೊದಲ್ಲಿ ಚಿತ್ರ ತೆರೆದು ‘ಕ್ವಾಂಟೈಸೇಷನ್’ ಎಂಬ ಗುಣವನ್ನು ಮುದ್ರಿಸಿದರೆ ಕೋಷ್ಟಕಗಳು ಸಿಗುತ್ತವೆ. ಮೊದಲ ಸಂಖ್ಯೆ 16 ಇದ್ದರೆ ಕ್ವಾಲಿಟಿ 50ರ ಆಸುಪಾಸು, 6 ಇದ್ದರೆ 80ರ ಆಸುಪಾಸು, 3 ಇದ್ದರೆ 90ರಿಂದ 92, 2 ಇದ್ದರೆ 93ರಿಂದ 95. ನಮ್ಮ ಪೋಸ್ಟರ್ ಫೈಲಿನಲ್ಲಿ ಬಂದದ್ದು 8. ಅಂದರೆ 74ರಿಂದ 76ರೊಳಗೆ ಎಲ್ಲೋ. ಪಿಲ್ಲೊದ ಡೀಫಾಲ್ಟ್, ಅಂದರೆ ನಾವು ಏನೂ ಹೇಳದಿದ್ದರೆ ಅದು ತಾನೇ ಹಿಡಿಯುವ ಸಂಖ್ಯೆ, 75. ಕಳ್ಳ ಸಿಕ್ಕಿಬಿದ್ದ.

ಇಮೇಜ್‌ಮ್ಯಾಜಿಕ್ ಎಂಬ ಟೂಲ್ ಇದ್ದರೆ ಅದರ ‘ಐಡೆಂಟಿಫೈ’ ಕಮಾಂಡ್ ಇದೇ ಲೆಕ್ಕವನ್ನು ತಾನೇ ಮಾಡಿ ಅಂದಾಜು ಕ್ವಾಲಿಟಿ ಹೇಳುತ್ತದೆ. ಫೋಟೋಶಾಪ್‌ನಂಥವು ತಮ್ಮದೇ ಕೋಷ್ಟಕ ಬಳಸುವುದರಿಂದ ಅಲ್ಲಿ ಈ ಹೊಂದಾಣಿಕೆ ನಡೆಯುವುದಿಲ್ಲ. ಅದರ ಜೆಪೆಗ್ ಅಳತೆ ಹೇಗೂ 0ರಿಂದ 12ರವರೆಗೆ, ಅಲ್ಲಿನ 10ನ್ನು ಇಲ್ಲಿನ 10 ಎಂದುಕೊಂಡು ಅತ್ತವರೂ ಇದ್ದಾರೆ.

ಒಂದು ತೊಡಕಿನ ಫಲಿತಾಂಶ ಬರಬಹುದು: ಕೋಷ್ಟಕ 2 ಎನ್ನುತ್ತದೆ, ಅಂದರೆ 95 ಸರಿಯಾಗಿಯೇ ತಲುಪಿದೆ, ಆದರೂ ಚಿತ್ರದಲ್ಲಿ 8×8 ಚೌಕಗಳು ಕಣ್ಣಿಗೆ ಹೊಡೆಯುತ್ತವೆ. ಹಾಗಿದ್ದರೆ ಹಾನಿ ಹಿಂದಿನ ಹಂತದಲ್ಲಾಗಿದೆ. ಎಲ್ಲೋ ನಡುವೆ ಚಿತ್ರವನ್ನು ತಾತ್ಕಾಲಿಕ ಜೆಪೆಗ್ ಆಗಿ ಕಡಿಮೆ ಕ್ವಾಲಿಟಿಯಲ್ಲಿ ಉಳಿಸಿ, ಮತ್ತೆ ತೆರೆದು, ಕೊನೆಯಲ್ಲಿ 95ರಲ್ಲಿ ಬರೆದಿರುತ್ತಾರೆ. ಕೊಳೆಯನ್ನು ಬಹಳ ನಿಷ್ಠೆಯಿಂದ ಕಾಪಾಡಿದಂತಾಯಿತು. ನಡುವಿನ ಹಂತಗಳಲ್ಲಿ ಏನನ್ನೂ ಕೆಡಿಸದ ಪಿಎನ್‌ಜಿ ಬಳಸಿ, ಇಲ್ಲವೇ ಫೈಲನ್ನೇ ಬರೆಯದೆ ಮೆಮೊರಿಯಲ್ಲೇ ದಾಟಿಸಿ.

95 ದಾರಿಯಲ್ಲಿ ಕಳೆದುಹೋದದ್ದೆಲ್ಲಿ?

ಪಿಲ್ಲೊದ ‘ಸೇವ್’ ಫಂಕ್ಷನ್‌ಗೆ ನಮ್ಮದೇ ಒಂದು ಹೊದಿಕೆ ಫಂಕ್ಷನ್ ಇತ್ತು. ಯಾವ ಹೆಸರಿನ ಆಪ್ಷನ್ ಕೊಟ್ಟರೂ ಅದು ಹಾಗೇ ಒಳಗೆ ದಾಟಿಸುತ್ತಿತ್ತು, ಅದನ್ನು ಬರೆದವನು ನಾನೇ. ಹುಡುಗ ಕೊಟ್ಟ ಹೆಸರು ‘ಜೆಪೆಗ್ ಅಂಡರ್‌ಸ್ಕೋರ್ ಕ್ವಾಲಿಟಿ’. ಪಿಲ್ಲೊ ಹುಡುಕುವುದು ಬರೀ ‘ಕ್ವಾಲಿಟಿ’ಯನ್ನು. ಬಂದ ಆಪ್ಷನ್‌ಗಳನ್ನೆಲ್ಲ ಅದು ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳುತ್ತದೆ. ಜೆಪೆಗ್ ಬರೆಯುವ ಭಾಗ ತನಗೆ ಬೇಕಾದ ಹೆಸರುಗಳನ್ನು ಚೀಲದಿಂದ ಎತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಡೀಫಾಲ್ಟ್. ಚೀಲದ ತಳದಲ್ಲಿ ಏನು ಉಳಿಯಿತು ಎಂದು ಯಾರೂ ನೋಡುವುದಿಲ್ಲ. ಕಾಗುಣಿತ ತಪ್ಪಿದ ಆಪ್ಷನ್, ಪಿಎನ್‌ಜಿಗೆ ಕೊಟ್ಟ ಕ್ವಾಲಿಟಿ, ಜೆಪೆಗ್‌ಗೆ ಕೊಟ್ಟ ಕಂಪ್ರೆಸ್ ಲೆವೆಲ್, ಎಲ್ಲವೂ ಅಲ್ಲೇ ತಣ್ಣಗೆ ಮಲಗಿರುತ್ತವೆ.

ಪಿಲ್ಲೊ ಬರೆದವರನ್ನು ಬೈಯುವುದು ಸುಲಭ, ಆದರೆ ಅವರ ಕಷ್ಟವೂ ಅರ್ಥವಾಗುತ್ತದೆ. ಹತ್ತಾರು ಫಾರ್ಮ್ಯಾಟ್‌ಗಳಿಗೆ ಒಂದೇ ಬಾಗಿಲು. ಎಕ್ಸ್‌ಟೆನ್ಷನ್ ಬದಲಿಸಿದರೆ ಸಾಕು, ಉಳಿದ ಕೋಡ್ ಹಾಗೇ ಓಡಬೇಕು ಎಂಬ ಅನುಕೂಲ. ಆ ಅನುಕೂಲಕ್ಕೆ ಕಟ್ಟಿದ ಬೆಲೆ ಈ ಮೌನ.

ಪತ್ತೆ ಮಾಡುವ ಸುಲಭ ಉಪಾಯ: ಅತಿರೇಕದ ಸಂಖ್ಯೆ ಕೊಟ್ಟು ನೋಡಿ. ಕ್ವಾಲಿಟಿ 5 ಎಂದು ಕೊಡಿ. ಚಿತ್ರ ಗುರುತು ಸಿಗದಷ್ಟು ಕೆಡಬೇಕು, ಫೈಲ್ ತೀರಾ ಚಿಕ್ಕದಾಗಬೇಕು. ಒಂದು ಬೈಟ್ ಕೂಡ ಬದಲಾಗದಿದ್ದರೆ ಆ ಆಪ್ಷನ್ ಎನ್‌ಕೋಡರ್‌ಗೆ ತಲುಪುತ್ತಿಲ್ಲ. 95ರ ಜಾಗದಲ್ಲಿ 90 ಹಾಕಿ ಕಣ್ಣು ಕಿರಿದಾಗಿಸಿ ನೋಡುತ್ತಾ ಅರ್ಧ ದಿನ ಕಳೆಯಬೇಡಿ.

ಸರಿಮಾಡಿದ ಮೇಲೂ ಉಳಿದ ಕೊಳೆ

ಹೆಸರು ತಿದ್ದಿದೆವು. ಕೋಷ್ಟಕದ ಮೊದಲ ಸಂಖ್ಯೆ 2 ಆಯಿತು. ಸೊಳ್ಳೆಗಳು ಹೋದವು. ಆದರೆ ಕೆಂಪು ಅಕ್ಷರದ ಅಂಚಿನ ಕೊಳೆ ಪೂರ್ತಿ ಹೋಗಲಿಲ್ಲ. ಹೆಚ್ಚಿನವರು ಇಲ್ಲಿಗೆ ಬಂದು 95ನ್ನು 100 ಮಾಡುತ್ತಾರೆ. ಪಿಲ್ಲೊದ ದಸ್ತಾವೇಜೇ 95ಕ್ಕಿಂತ ಮೇಲೆ ಹೋಗಬೇಡಿ ಎನ್ನುತ್ತದೆ: ಫೈಲ್ ಊದಿಕೊಳ್ಳುತ್ತದೆ, ಕಣ್ಣಿಗೆ ಕಾಣುವ ಲಾಭ ಇಲ್ಲವೆನ್ನುವಷ್ಟು ಕಡಿಮೆ.

ಇದು ಬೇರೆಯದೇ ಆಪ್ಷನ್‌ನ ಕೆಲಸ. ಜೆಪೆಗ್ ಚಿತ್ರವನ್ನು ಹೊಳಪು ಮತ್ತು ಬಣ್ಣ ಎಂದು ಬೇರ್ಪಡಿಸುತ್ತದೆ. ನಮ್ಮ ಕಣ್ಣಿಗೆ ಹೊಳಪಿನ ವ್ಯತ್ಯಾಸ ಚುರುಕಾಗಿ ತಿಳಿಯುತ್ತದೆ, ಬಣ್ಣದ್ದು ಅಷ್ಟಾಗಿ ಇಲ್ಲ. ಹಾಗಾಗಿ ಸಾಮಾನ್ಯವಾಗಿ 2×2 ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. ಇದಕ್ಕೆ 4:2:0 ಸಬ್‌ಸ್ಯಾಂಪ್ಲಿಂಗ್ ಎಂದು ಹೆಸರು. ನಾಲ್ಕು ಪಿಕ್ಸೆಲ್‌ಗೆ 12 ಸಂಖ್ಯೆಗಳ ಬದಲು 6 ಸಾಕು. ಮುಖ, ಮರ, ಮೋಡದ ಫೋಟೋಗಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಳದಿಯ ಮೇಲಿನ ಕೆಂಪು ಅಕ್ಷರದಲ್ಲಿ ಗೊತ್ತಾಗುತ್ತದೆ, ಅದರಲ್ಲೂ ಎರಡು ಮೂರು ಪಿಕ್ಸೆಲ್ ದಪ್ಪದ ಗೆರೆಗಳಿಂದಾದ ಒತ್ತಕ್ಷರದಲ್ಲಿ. ಒಂದು ಪಿಕ್ಸೆಲ್ ಕೆಂಪು, ಪಕ್ಕದ್ದು ಹಳದಿ, ಇಬ್ಬರಿಗೂ ಸೇರಿ ಒಂದೇ ಬಣ್ಣ ಕೊಟ್ಟರೆ ಸಿಗುವುದು ಆ ಕೊಳೆ. ದೊಡ್ಡ ಅಕ್ಷರ ಸರಿಯಿದ್ದು ಒತ್ತು ಮಾತ್ರ ಕಲಸಿದ್ದೇಕೆ ಎಂಬುದಕ್ಕೂ ಇದೇ ಉತ್ತರ. ಪ್ರೆಸ್ಸಿನವರ ಕಣ್ಣು ನಮ್ಮೆಲ್ಲರಿಗಿಂತ ಚುರುಕಾಗಿತ್ತು.

ಪಿಲ್ಲೊದಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬ ಆಪ್ಷನ್‌ಗೆ 0 ಕೊಟ್ಟರೆ 4:4:4, ಅಂದರೆ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ. 1 ಎಂದರೆ 4:2:2, 2 ಎಂದರೆ 4:2:0. ಅದನ್ನು 0 ಮಾಡಿದ ಕೂಡಲೇ ಯ-ಒತ್ತು ಯ-ಒತ್ತಿನ ಹಾಗೆ ಕಂಡಿತು.

ಇದರಲ್ಲಿ ಒಂದು ವಿಚಿತ್ರವಿದೆ. ಪಿಲ್ಲೊದಲ್ಲಿ 95 ಕೊಟ್ಟರೂ ಬಣ್ಣ 4:2:0ರಲ್ಲೇ ಉಳಿಯುತ್ತದೆ. ಇಮೇಜ್‌ಮ್ಯಾಜಿಕ್ ಮಾತ್ರ ಕ್ವಾಲಿಟಿ 90 ಅಥವಾ ಮೇಲೆ ಇದ್ದರೆ ತಾನಾಗಿಯೇ 4:4:4ಕ್ಕೆ ಹೋಗುತ್ತದೆ. ಗೋ ಭಾಷೆಯ ಜೆಪೆಗ್ ಪ್ಯಾಕೇಜ್ ಬಣ್ಣದ ಚಿತ್ರವನ್ನು ಬರೆಯುವುದೇ 4:2:0ರಲ್ಲಿ, ಬದಲಿಸಲು ಗುಂಡಿಯೇ ಇಲ್ಲ. "ಅದೇ 92, ಅದೇ ಚಿತ್ರ, ಅವರ ಟೂಲ್‌ನಲ್ಲಿ ಚೆನ್ನಾಗಿ ಬರುತ್ತೆ, ನಮ್ಮದರಲ್ಲಿ ಬರಲ್ಲ" ಎಂಬ ದೂರು ಬಂದಾಗ ಮೊದಲ ಅನುಮಾನ ಇಲ್ಲಿರಲಿ.

ಬೇರೆ ಮನೆಗಳ ಇದೇ ಕಾಯಿಲೆ

ಗೋ ಭಾಷೆಯಲ್ಲಿ ಆಪ್ಷನ್‌ಗೆ ಏನೂ ಕೊಡದೆ ‘ನಿಲ್’ ಎಂದರೆ ಕ್ವಾಲಿಟಿ 75. ಆದರೆ ಖಾಲಿ ಆಪ್ಷನ್ ಸ್ಟ್ರಕ್ಟ್ ಕೊಟ್ಟರೆ ಅದರೊಳಗಿನ ಕ್ವಾಲಿಟಿ ಸೊನ್ನೆ, ಸೊನ್ನೆಯನ್ನು ಅದು 1ಕ್ಕೆ ಏರಿಸುತ್ತದೆ. ಕೋಷ್ಟಕ ತೆರೆದರೆ 64 ಜಾಗದಲ್ಲೂ 255. ಚಿತ್ರ ಇಟ್ಟಿಗೆ ಗೋಡೆಯಾಗಿರುತ್ತದೆ. ‘ಕೊಟ್ಟಿಲ್ಲ’ ಎನ್ನುವುದಕ್ಕೂ ‘ಸೊನ್ನೆ ಕೊಟ್ಟಿದ್ದೇನೆ’ ಎನ್ನುವುದಕ್ಕೂ ವ್ಯತ್ಯಾಸ ಇಡದ ಇಂಟರ್‌ಫೇಸ್‌ನ ಒಳ್ಳೆಯ ಮಾದರಿ ಇದು.

ಕ್ಯಾನ್ವಾಸ್‌ನಲ್ಲಿ ಕ್ವಾಲಿಟಿ 0ರಿಂದ 1ರವರೆಗಿನ ದಶಮಾಂಶ. ಬೇರೆ ಕಡೆಯ ಅಭ್ಯಾಸದಲ್ಲಿ 90 ಎಂದು ಕೊಟ್ಟರೆ, ವ್ಯಾಪ್ತಿ ಮೀರಿದ್ದರಿಂದ ಅದನ್ನು ಬದಿಗಿಟ್ಟು ಬ್ರೌಸರ್ ತನ್ನ ಡೀಫಾಲ್ಟ್ ಬಳಸುತ್ತದೆ. ಪಿಎಚ್‌ಪಿಯಲ್ಲಿ ಜೆಪೆಗ್ ಬರೆಯುವ ಫಂಕ್ಷನ್‌ಗೆ ಅಳತೆ 0ರಿಂದ 100, ಅದರ ಪಕ್ಕದಲ್ಲೇ ಇರುವ ಪಿಎನ್‌ಜಿಯದಕ್ಕೆ 0ರಿಂದ 9. ಡಾಟ್‌ನೆಟ್‌ನಲ್ಲಿ ಕ್ವಾಲಿಟಿಯನ್ನು ‘ಲಾಂಗ್’ ಬಗೆಯ ಸಂಖ್ಯೆಯಾಗಿಯೇ ಕೊಡಬೇಕು. ಬರೀ 90 ಎಂದರೆ ಉಳಿಸುವಾಗ ‘ಪ್ಯಾರಾಮೀಟರ್ ಸರಿಯಿಲ್ಲ’ ಎಂಬ, ಯಾವ ಪ್ಯಾರಾಮೀಟರ್ ಎಂದು ಹೇಳದ ಎರರ್. ಜಾವಾದಲ್ಲಿ ಮೊದಲು ಕಂಪ್ರೆಷನ್ ಮೋಡನ್ನು ‘ಎಕ್ಸ್‌ಪ್ಲಿಸಿಟ್’ ಮಾಡಿ ಆಮೇಲೆ ಕ್ವಾಲಿಟಿ ಹೇಳಬೇಕು, ಹಿಂದು ಮುಂದಾದರೆ ಎಕ್ಸೆಪ್ಷನ್. ಕಿರಿಕಿರಿಯೇ, ಆದರೆ ಸುಮ್ಮನೆ ನುಂಗುವುದಕ್ಕಿಂತ ಹೀಗೆ ಕೂಗುವುದು ಎಷ್ಟೋ ವಾಸಿ. ಸಿ ಭಾಷೆಯಲ್ಲಿ ನೇರ ಲಿಬ್‌ಜೆಪೆಗ್ ಬಳಸುವವರಿಗೂ ಇದೇ ಕ್ರಮದ ತಾಪತ್ರಯ. ಕ್ವಾಲಿಟಿ ಹೇಳಿದ ಮೇಲೆ ಡೀಫಾಲ್ಟ್ ತುಂಬುವ ಫಂಕ್ಷನ್ ಕರೆದರೆ ಅದು ಸದ್ದಿಲ್ಲದೆ 75ಕ್ಕೆ ಮರಳಿಸುತ್ತದೆ. ಇಲ್ಲಿ ಕೂಗುವವರೂ ಇಲ್ಲ.

ಓಪನ್‌ಸಿವಿಯದು ಇನ್ನೊಂದು ಕಥೆ. ಆಪ್ಷನ್‌ಗಳು ಒಂದು ಸಪಾಟು ಪಟ್ಟಿ: ಗುರುತಿನ ಸಂಖ್ಯೆ, ಬೆಲೆ, ಮತ್ತೆ ಗುರುತಿನ ಸಂಖ್ಯೆ, ಬೆಲೆ. ಅಲ್ಲಿ ಜೆಪೆಗ್ ಡೀಫಾಲ್ಟ್ 95, ಹಾಗಾಗಿ ಪಿಲ್ಲೊದಿಂದ ಅಲ್ಲಿಗೆ ಹೋದವರ ಫೈಲ್ ಇದ್ದಕ್ಕಿದ್ದಂತೆ ದಪ್ಪಗಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಇಲ್ಲದ ಫೋಲ್ಡರ್‌ಗೆ ಬರೆಯಲು ಹೇಳಿದರೆ ಅದು ಎಕ್ಸೆಪ್ಷನ್ ಎಸೆಯದೆ ‘ಫಾಲ್ಸ್’ ಎಂದು ಹಿಂದಿರುಗಿಸುತ್ತದೆ. ಆ ಉತ್ತರವನ್ನು ನೋಡುವವರು ನೂರಕ್ಕೆ ಎಷ್ಟು ಜನವೋ. "ಪ್ರೋಗ್ರಾಂ ಸರಿಯಾಗಿ ಮುಗೀತು, ಫೈಲ್ ಮಾತ್ರ ಇಲ್ಲ" ಎಂದರೆ ಇದೇ. ಮುಖ ನೀಲಿಯಾಗಿ ಬಂದರೆ ಆಪ್ಷನ್‌ಗಳನ್ನು ತಡಕಬೇಡಿ. ಓಪನ್‌ಸಿವಿ ಬಣ್ಣಗಳನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ನಿರೀಕ್ಷಿಸುತ್ತದೆ, ನೀವು ಕೊಟ್ಟದ್ದು ಕೆಂಪು-ಹಸಿರು-ನೀಲಿ.

‘ಕ್ವಾಲಿಟಿ’ ಎಂಬ ಪದವೇ ಸಮಸ್ಯೆ

ನನ್ನ ಅಭಿಪ್ರಾಯದಲ್ಲಿ ಈ ಗೊಂದಲಗಳ ಅರ್ಧ ಪಾಲು ಒಂದೇ ಪದಕ್ಕೆ ಸೇರಬೇಕು. ಪಿಎನ್‌ಜಿ ಒಂದು ಪಿಕ್ಸೆಲನ್ನೂ ಕೆಡಿಸದ ಫಾರ್ಮ್ಯಾಟ್. ಅದರ 0ರಿಂದ 9ರವರೆಗಿನ ಮಟ್ಟ ಬದಲಿಸುವುದು ಸಮಯ ಮತ್ತು ಸೈಜನ್ನು ಮಾತ್ರ. ಆದರೂ ಇಮೇಜ್‌ಮ್ಯಾಜಿಕ್‌ನಲ್ಲಿ ಪಿಎನ್‌ಜಿಗೂ ‘ಕ್ವಾಲಿಟಿ’ ಎಂಬ ಆಪ್ಷನ್ ಇದೆ. ಅಲ್ಲಿ 95 ಎಂದರೆ ಹತ್ತರ ಸ್ಥಾನದ 9 ಕಂಪ್ರೆಷನ್ ಮಟ್ಟ, ಬಿಡಿ ಸ್ಥಾನದ 5 ಫಿಲ್ಟರ್‌ನ ಬಗೆ. ಒಂದೇ ಸಂಖ್ಯೆಯೊಳಗೆ ಸಂಬಂಧವಿಲ್ಲದ ಎರಡು ಸಂಸಾರ.

ವೆಬ್‌ಪಿ ಎಂಬ ಫಾರ್ಮ್ಯಾಟ್‌ನಲ್ಲಿ ಇನ್ನೂ ನವಿರಾದ ಬಲೆ ಇದೆ. ಪಿಲ್ಲೊದಲ್ಲಿ ಅದರ ಕ್ವಾಲಿಟಿ ಡೀಫಾಲ್ಟ್ 80. ‘ಲಾಸ್‌ಲೆಸ್’ (ಒಂದು ಪಿಕ್ಸೆಲನ್ನೂ ಕೆಡಿಸಬೇಡ) ಎಂದು ಹೇಳಿದ ಕ್ಷಣ ಅದೇ ಸಂಖ್ಯೆಯ ಅರ್ಥ ಬದಲಾಗಿ, ಕುಗ್ಗಿಸಲು ಎಷ್ಟು ಶ್ರಮ ಪಡಬೇಕು ಎಂದಾಗುತ್ತದೆ. ಮೊದಲು ಸಂಖ್ಯೆ ಏರಿದರೆ ಫೈಲ್ ದೊಡ್ಡದಾಗುತ್ತಿತ್ತು, ಈಗ ಚಿಕ್ಕದಾಗುತ್ತದೆ. ಗ್ರಾಫ್ ತಲೆಕೆಳಗಾಗಿ ಬಂದರೆ ಗಾಬರಿ ಬೇಡ.

ಒಂದು ಆಪ್ಷನ್ ಇನ್ನೊಂದನ್ನು ಕೊಲ್ಲುವುದೂ ಉಂಟು. ಪಿಲ್ಲೊದಲ್ಲಿ ಪಿಎನ್‌ಜಿಗೆ ‘ಆಪ್ಟಿಮೈಸ್’ ಎಂದು ಕೊಟ್ಟರೆ ನೀವು ಕೊಟ್ಟ ಕಂಪ್ರೆಸ್ ಲೆವೆಲ್‌ಗೆ ಬೆಲೆಯಿಲ್ಲ, ಅದು 9ಕ್ಕೆ ಹೋಗಿಬಿಡುತ್ತದೆ. ಬೇಗ ಆಗಲೆಂದು 1 ಕೊಟ್ಟೆ, ಆದರೂ ನಿಧಾನ ಎನ್ನುವವರು ಇದನ್ನು ನೋಡಿ.

ಅಡ್ಡ ಮಲಗಿದ ಫೋಟೋ, ಪೇಲವ ಬಣ್ಣ, 299.9994

ಕ್ವಾಲಿಟಿಗೆ ಸಂಬಂಧವಿಲ್ಲದ, ಆದರೆ ಇದೇ ಉಳಿಸುವ ಹಂತದಲ್ಲಿ ಹುಟ್ಟುವ ಮೂರು ದೂರುಗಳನ್ನು ಬೇಗ ಮುಗಿಸುತ್ತೇನೆ.

ಫೋಟೋ ಅಡ್ಡ ಮಲಗಿದ್ದರೆ: ಫೋನ್ ಹಲವು ಸಲ ಚಿತ್ರವನ್ನು ಅಡ್ಡಡ್ಡವಾಗಿಯೇ ಬರೆದು, ‘ಇದನ್ನು ತಿರುಗಿಸಿ ತೋರಿಸಿ’ ಎಂದು ಫೈಲಿನೊಳಗಿನ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ 1ರಿಂದ 8ರವರೆಗಿನ ಒಂದು ಸಂಖ್ಯೆ ಇಟ್ಟಿರುತ್ತದೆ. ನೀವು ಜೆಪೆಗ್ ಉಳಿಸುವಾಗ ಎಕ್ಸಿಫ್ ದಾಟಿಸದಿದ್ದರೆ ಆ ಚೀಟಿ ಕಳೆದುಹೋಗುತ್ತದೆ. ಪಿಲ್ಲೊ 6.0ರಿಂದ ಇದಕ್ಕೆಂದೇ ‘ಎಕ್ಸಿಫ್ ಟ್ರಾನ್ಸ್‌ಪೋಸ್’ ಎಂಬ ಫಂಕ್ಷನ್ ಇದೆ. ತೆರೆದ ಕೂಡಲೇ ಕರೆಯಿರಿ, ಪಿಕ್ಸೆಲ್‌ಗಳೇ ನೆಟ್ಟಗಾಗುತ್ತವೆ.

ಬಣ್ಣ ಪೇಲವವಾದರೆ: ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಐಸಿಸಿ ಪ್ರೊಫೈಲ್ ಬಿದ್ದುಹೋಗಿದೆ. ಪಿಲ್ಲೊದಲ್ಲಿ ಜೆಪೆಗ್‌ಗೆ ಪ್ರೊಫೈಲನ್ನು ನೀವೇ ಹೇಳಿ ಕೊಡಬೇಕು, ಕೊಡದಿದ್ದರೆ ಅಂಟಿಸುವುದಿಲ್ಲ. ಪಿಎನ್‌ಜಿ ಬರೆಯುವಾಗ ಮಾತ್ರ ಮೂಲ ಚಿತ್ರದ ಪ್ರೊಫೈಲನ್ನು ತಾನೇ ಎತ್ತಿಕೊಳ್ಳುತ್ತದೆ. ಒಂದೇ ಕೋಡ್, ಎರಡು ನಡತೆ. ಎಕ್ಸ್‌ಟೆನ್ಷನ್ ಬದಲಿಸಿದರೆ ಸಾಕು ಎಂಬ ಅನುಕೂಲದ ಮಾತನ್ನು ಇಲ್ಲಿ ಮತ್ತೊಮ್ಮೆ ನೆನಪಿಸಿಕೊಳ್ಳಿ.

300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂದು ಬರೆದದ್ದು 299.9994 ಎಂದು ಓದಿದರೆ: ಅದು ದೋಷವೇ ಅಲ್ಲ. ಪಿಎನ್‌ಜಿ ಇಂಚಿನ ಲೆಕ್ಕ ಇಡುವುದಿಲ್ಲ, ಮೀಟರ್‌ಗೆ ಇಷ್ಟು ಪಿಕ್ಸೆಲ್ ಎಂದು ಪೂರ್ಣಾಂಕ ಇಡುತ್ತದೆ. 300 ಡಿಪಿಐ ಎಂದರೆ 11811. ಅದನ್ನು ಮತ್ತೆ ಇಂಚಿಗೆ ತಿರುಗಿಸಿದರೆ ಆ ಸಂಖ್ಯೆ. ನಿಮ್ಮ ಟೆಸ್ಟ್‌ನಲ್ಲಿ ಸರಿಸಮಾನ ಎಂದು ಹೋಲಿಸದೆ ಸ್ವಲ್ಪ ಸಡಿಲ ಬಿಡಿ.

ಇನ್ನು ‘ಆರ್‌ಜಿಬಿಎ ಮೋಡನ್ನು ಜೆಪೆಗ್ ಆಗಿ ಬರೆಯಲಾಗದು’ ಎಂಬ ಎರರ್ ಬಂದರೆ ಸಂತೋಷಪಡಿ. ಆರ್‌ಜಿಬಿಎ ಎಂದರೆ ಕೆಂಪು, ಹಸಿರು, ನೀಲಿಯ ಜೊತೆ ಪಾರದರ್ಶಕತೆಯೂ ಇರುವ ಚಿತ್ರ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವಿಲ್ಲ ಎಂದು ಲೈಬ್ರರಿ ಬಾಯಿಬಿಟ್ಟು ಹೇಳುತ್ತಿದೆ. ಸುಮ್ಮನೆ ಆರ್‌ಜಿಬಿಗೆ ತಿರುಗಿಸಿ ಬಾಯಿ ಮುಚ್ಚಿಸಿದರೆ ಪಾರದರ್ಶಕ ಜಾಗ ಎಷ್ಟೋ ಸಲ ಕಪ್ಪಾಗಿ ಬರುತ್ತದೆ. ಯಾವ ಹಿನ್ನೆಲೆಯ ಮೇಲೆ ಕೂರಿಸಬೇಕು ಎಂದು ನೀವೇ ತೀರ್ಮಾನಿಸಿ, ಅದರ ಮೇಲೆ ಅಂಟಿಸಿ, ಆಮೇಲೆ ಉಳಿಸಿ.

ಇಂಟರ್‌ಫೇಸ್ ತಿದ್ದಿದ್ದು ಹೀಗೆ

ಆ ಒಂದು ಹೆಸರು ತಿದ್ದಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಚೀಲದ ಬಾಯಿ ತೆರೆದೇ ಇದ್ದರೆ ಮುಂದಿನ ತಿಂಗಳು ಇನ್ನೊಬ್ಬ ಇನ್ನೊಂದು ಹೆಸರು ಹಾಕುತ್ತಾನೆ. ಹೊದಿಕೆಯನ್ನು ಮತ್ತೆ ಬರೆದೆ.

ಒಂದೊಂದು ಫಾರ್ಮ್ಯಾಟ್‌ಗೂ ಅದರದೇ ಆಪ್ಷನ್ ಕ್ಲಾಸ್. ಜೆಪೆಗ್‌ನದರಲ್ಲಿ ಕ್ವಾಲಿಟಿ, ಸಬ್‌ಸ್ಯಾಂಪ್ಲಿಂಗ್, ಪ್ರೊಗ್ರೆಸಿವ್ (ಚಿತ್ರ ಮೊದಲು ಮಸುಕಾಗಿ ಕಂಡು ಹಂತಹಂತವಾಗಿ ತಿಳಿಯಾಗುವ ಬಗೆ) ಇವೆ. ಪಿಎನ್‌ಜಿಯದರಲ್ಲಿ ಕ್ವಾಲಿಟಿ ಎಂಬ ಹೆಸರೇ ಇಲ್ಲ, ‘ಶ್ರಮ’ ಎಂಬರ್ಥದ ಒಂದು ಹೆಸರಿದೆ. ಪೈಥಾನ್‌ನ ಡೇಟಾಕ್ಲಾಸ್ ಬಳಸಿದ್ದರಿಂದ ಇಲ್ಲದ ಹೆಸರು ಕೊಟ್ಟರೆ ಚಿತ್ರ ಬರೆಯುವ ಹಂತಕ್ಕೆ ಹೋಗುವ ಮುಂಚೆಯೇ, ಆಪ್ಷನ್ ಕಟ್ಟುವಾಗಲೇ ಎರರ್. ಎಡಿಟರ್ ಕೂಡ ಸರಿಯಾದ ಹೆಸರುಗಳನ್ನು ತಾನೇ ತೋರಿಸುತ್ತದೆ. ದಸ್ತಾವೇಜು ಓದದವರಿಗೆ ಇದೇ ದಸ್ತಾವೇಜು.

ಆ ಕ್ಲಾಸ್‌ಗಳನ್ನು ಫ್ರೋಜನ್ ಮಾಡಿದೆ, ಅಂದರೆ ಕಟ್ಟಿದ ಮೇಲೆ ಯಾರೂ ಒಳಗಿನ ಬೆಲೆ ಬದಲಿಸುವಂತಿಲ್ಲ. ಹಳೆಯ ಹೊದಿಕೆಯಲ್ಲಿ ಡೀಫಾಲ್ಟ್ ಆಪ್ಷನ್‌ಗಳ ಒಂದೇ ಡಿಕ್ಷನರಿ ಎಲ್ಲ ಕರೆಗಳ ನಡುವೆ ಓಡಾಡುತ್ತಿತ್ತು. ಒಬ್ಬರು ಅದಕ್ಕೆ ಪ್ರೊಗ್ರೆಸಿವ್ ಎಂದು ಸೇರಿಸಿದರೆ ಆಮೇಲೆ ಬಂದ ಎಲ್ಲ ಫೈಲೂ ಪ್ರೊಗ್ರೆಸಿವ್. ಮೊದಲ ಫೈಲ್ ಸರಿ, ಎರಡನೆಯದರಿಂದ ಬೇರೆ ಎಂಬ ದೂರು ಬಂದರೆ ಹೀಗೆ ಹಂಚಿಕೊಂಡ ಡಿಕ್ಷನರಿಯನ್ನು ಹುಡುಕಿ.

ವ್ಯಾಪ್ತಿ ಮೀರಿದ ಬೆಲೆಯನ್ನು ಎಳೆದು ಒಳಗೆ ಕೂರಿಸುವ ಉಪಕಾರ ನಿಲ್ಲಿಸಿದೆ. ಯಾರಾದರೂ 0.9 ಕೊಟ್ಟರೆ ಅವರು ಕ್ಯಾನ್ವಾಸ್ ಅಳತೆಯಲ್ಲಿ ಯೋಚಿಸುತ್ತಿದ್ದಾರೆ ಎಂದರ್ಥ. ಅದನ್ನು 1 ಎಂದು ತಿದ್ದಿ ಇಟ್ಟಿಗೆ ಗೋಡೆ ಕೊಡುವ ಬದಲು ಎರರ್ ಸಂದೇಶದಲ್ಲಿ ಮೂರು ವಿಷಯ ಹೇಳುತ್ತೇನೆ: ಯಾವ ಆಪ್ಷನ್, ಯಾವ ವ್ಯಾಪ್ತಿ ಬೇಕಿತ್ತು, ಏನು ಬಂತು. ‘ಕೊಟ್ಟಿಲ್ಲ’ ಎಂಬುದಕ್ಕೆ ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂಬರ್ಥದ ‘ನನ್’ (None), ಸೊನ್ನೆ ಎಂದರೆ ಸೊನ್ನೆಯೇ.

ಎಕ್ಸ್‌ಟೆನ್ಷನ್ ಮತ್ತು ಆಪ್ಷನ್ ಕ್ಲಾಸ್ ಹೊಂದದಿದ್ದರೆ ಬರೆಯುವುದಿಲ್ಲ. ಇದನ್ನು ಮಾಡಿದ ದಿನವೇ ನಾನೇ ಎಡವಿದೆ. ಅರ್ಧ ಬರೆದ ಫೈಲ್ ಯಾರ ಕೈಗೂ ಸಿಗಬಾರದೆಂದು ಮೊದಲು ‘ಪೋಸ್ಟರ್ ಡಾಟ್ ಜೆಪಿಜಿ ಡಾಟ್ ಟಿಎಂಪಿ’ ಎಂಬ ಹೆಸರಿಗೆ ಬರೆದು ಆಮೇಲೆ ಹೆಸರು ಬದಲಿಸುತ್ತಿದ್ದೆವು. ಕೊನೆಯ ಎಕ್ಸ್‌ಟೆನ್ಷನ್ ಟಿಎಂಪಿ! ಹೋಲಿಕೆಯನ್ನು ಅಂತಿಮ ಹೆಸರಿನ ಮೇಲೆ ಮಾಡಿ, ತಾತ್ಕಾಲಿಕ ಫೈಲ್ ಬರೆಯುವಾಗ ಫಾರ್ಮ್ಯಾಟನ್ನು ಬಾಯಿಬಿಟ್ಟು ಹೇಳಬೇಕು.

ಹುಡುಗರಿಗೆ ಬೇಕಾದದ್ದು ಅನುಕೂಲ, ಅದು ತಪ್ಪಲ್ಲ. ಅದಕ್ಕಾಗಿ ‘ವೆಬ್’, ‘ಪೋಸ್ಟರ್’, ‘ಮುದ್ರಣ’ ಎಂದು ಮೂರು ಸಿದ್ಧ ಕಟ್ಟುಗಳನ್ನು ಇಟ್ಟೆ. ‘ಪೋಸ್ಟರ್’ ಎಂದರೆ 95 ಮತ್ತು 4:4:4, ‘ವೆಬ್’ ಎಂದರೆ 80 ಮತ್ತು 4:2:0. ಯಾವುದಾದರೂ ಒಂದನ್ನು ಹಿಡಿದು ಒಂದೆರಡು ಬೆಲೆ ಮಾತ್ರ ಬದಲಿಸಿದ ಹೊಸ ಪ್ರತಿ ಪಡೆಯಬಹುದು. ದಿನನಿತ್ಯದ ಕರೆ ಒಂದು ಪದಕ್ಕೆ ಇಳಿಯಿತು. ಈಗ ಸಬ್‌ಸ್ಯಾಂಪ್ಲಿಂಗ್ ಎಂದರೇನೆಂದು ತಿಳಿಯದವರ ಒತ್ತಕ್ಷರವೂ ನೆಟ್ಟಗೆ ಬರುತ್ತದೆ.

ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಮಾತ್ರ ಇನ್ನೊಂದು. ಉಳಿಸುವ ಫಂಕ್ಷನ್ ಮೊದಲು ಏನನ್ನೂ ಹಿಂದಿರುಗಿಸುತ್ತಿರಲಿಲ್ಲ. ಈಗ ಬರೆದ ಫೈಲನ್ನು ಮತ್ತೆ ತೆರೆದು, ಆರಂಭದ ಬೈಟ್, ಕೋಷ್ಟಕದ ಮೊದಲ ಸಂಖ್ಯೆ, ಸಬ್‌ಸ್ಯಾಂಪ್ಲಿಂಗ್, ಪ್ರೊಫೈಲ್ ಇದೆಯೋ ಇಲ್ಲವೋ, ಒಟ್ಟು ಬೈಟ್ ಎಷ್ಟು ಎಂಬ ಪುಟ್ಟ ವರದಿ ಕೊಡುತ್ತದೆ. ಲಾಗ್‌ನಲ್ಲಿ ಒಂದು ಫೈಲ್‌ಗೆ ಒಂದು ಸಾಲು. ಹೆಡರ್ ಮಾತ್ರ ಓದುವುದರಿಂದ ಹೆಚ್ಚಿನ ಸಮಯವೂ ಹಿಡಿಯುವುದಿಲ್ಲ.

ಚೀಲವನ್ನು ಪೂರ್ತಿ ಮುಚ್ಚಿದೆನೇ? ಇಲ್ಲ. ಹೊಸ ಲೈಬ್ರರಿ ಆವೃತ್ತಿಯಲ್ಲಿ ಬರುವ, ನನ್ನ ಕ್ಲಾಸ್‌ನಲ್ಲಿ ಇನ್ನೂ ಇಲ್ಲದ ಆಪ್ಷನ್‌ಗೆಂದು ಒಂದು ಕಿಂಡಿ ಬಿಟ್ಟಿದ್ದೇನೆ. ಅದರ ಹೆಸರು ಉದ್ದವಾಗಿದೆ, ಟೈಪ್ ಮಾಡಲು ಬೇಸರ ಬರುವಷ್ಟು ಉದ್ದ, ‘ಪರೀಕ್ಷಿಸದ ಹೆಚ್ಚುವರಿ ಆಪ್ಷನ್‌ಗಳು’ ಎಂಬರ್ಥದ್ದು. ಬಳಸಿದಾಗಲೆಲ್ಲ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬೀಳುತ್ತದೆ. ಕೋಡ್ ನೋಡುವಾಗ ಆ ಹೆಸರು ಕಂಡರೆ, ಹುಡುಗ ಬಾಯಿ ತೆರೆಯುವ ಮೊದಲೇ ನಾನು ಕೋಷ್ಟಕದ ಮೊದಲ ಸಂಖ್ಯೆ ಎಷ್ಟೆಂದು ಕೇಳುತ್ತೇನೆ.